ಬೈಬಲ್‌ನಲ್ಲಿ ಆಡು ಅಂದ್ರೆ ಸೈತಾನನ ಪ್ರಾಣಿಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಒಂದು ಕಡೆ ಬಿಳಿ ಕುರಿಮರಿಗಳು, ಇನ್ನೊಂದು ಕಡೆ ಕೆಂಪು ಕಣ್ಣಿನ ಕರಿ ಆಡು. ಕೆಳಗೆ ‘ನೀವು ಕುರಿಯೋ, ಆಡೋ?’ ಎಂಬ ಪ್ರಶ್ನೆ. ಇಂಥ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರ ಜೊತೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: ಬೈಬಲ್ ಪ್ರಕಾರ ಆಡು ಸೈತಾನನ ಪ್ರಾಣಿ, ಕುರಿ ದೇವರ ಪ್ರಾಣಿ, ನಮ್ಮ ಹಾಗೆ ನಂಬದವರೆಲ್ಲ ಆಡುಗಳು.

ಬೈಬಲ್‌ನಲ್ಲಿ ಕುರಿ ಮತ್ತು ಆಡುಗಳನ್ನು ಬೇರ್ಪಡಿಸುವ ಪ್ರಸಂಗ ಇರುವುದು ನಿಜ. ಆದರೆ ಆಡು ಸೈತಾನನ ಪ್ರಾಣಿ ಎಂದು ಅಲ್ಲಿ ಹೇಳಿಲ್ಲ. ಯಾರು ಕುರಿ, ಯಾರು ಆಡು ಎಂದು ತೀರ್ಮಾನಿಸುವ ಕೆಲಸವನ್ನು ನಮಗೆ ಕೊಟ್ಟೂ ಇಲ್ಲ.

ಈ ಮಾತು ಎಲ್ಲಿಂದ ಬಂತು?

ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆ, 25ನೇ ಅಧ್ಯಾಯ, 31ರಿಂದ 46ನೇ ವಚನಗಳು. ಯೇಸು ಇಲ್ಲಿ ಕೊನೆಯ ನ್ಯಾಯತೀರ್ಪಿನ ಚಿತ್ರ ಕೊಡುತ್ತಾರೆ. ಎಲ್ಲ ಜನಾಂಗಗಳೂ ರಾಜನ ಮುಂದೆ ಸೇರುತ್ತವೆ. ಕುರುಬನು ಮಂದೆಯನ್ನು ವಿಂಗಡಿಸುವ ಹಾಗೆ ರಾಜ ಕುರಿಗಳನ್ನು ಬಲಕ್ಕೆ, ಆಡುಗಳನ್ನು ಎಡಕ್ಕೆ ನಿಲ್ಲಿಸುತ್ತಾನೆ. ಬಲಗಡೆಯವರಿಗೆ ರಾಜ್ಯ, ಎಡಗಡೆಯವರಿಗೆ ಶಿಕ್ಷೆ. ಬಲಗಡೆ ಗೌರವದ ಕಡೆ ಎಂಬ ನಂಬಿಕೆ ನಮ್ಮಲ್ಲಿರುವಂತೆ ಅಲ್ಲಿಯೂ ಇತ್ತು.

ಹೋಲಿಕೆಗೆ ಇವೆರಡೇ ಪ್ರಾಣಿ ಯಾಕೆ?

ಆ ನಾಡಿನಲ್ಲಿ ಕುರಿ, ಆಡು ಎರಡನ್ನೂ ಒಟ್ಟಿಗೇ ಮೇಯಿಸುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಇಂಥ ಮಿಶ್ರ ಮಂದೆಗೆ ‘ತ್ಸೋನ್’ ಎಂಬ ಒಂದೇ ಪದವಿದೆ. ನಮ್ಮಲ್ಲೂ ಕುರುಬರ ಮಂದೆಯಲ್ಲಿ ಕುರಿಗಳ ನಡುವೆ ಕೆಲವು ಆಡುಗಳು ಕಾಣುತ್ತವೆ. ಹಾಗಾಗಿ ಮಂದೆ ವಿಂಗಡಿಸುವುದು ಕೇಳುಗರಿಗೆ ಗೊತ್ತಿದ್ದ ಕೆಲಸ. ಆಡು ಕೆಟ್ಟದ್ದು, ಅದಕ್ಕೇ ಬೇರ್ಪಡಿಸಿದರು ಎಂಬ ಕಾರಣವನ್ನು ಮತ್ತಾಯನು ಕೊಡುವುದಿಲ್ಲ.

ಗ್ರೀಕ್ ಮೂಲದಲ್ಲಿ ಇಲ್ಲಿ ಬಳಸಿರುವ ಪದ ‘ಎರಿಫೋಸ್’. ಅಂದರೆ ಆಡಿನ ಮರಿ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ಮನೆಬಿಟ್ಟು ಹೋದ ತಮ್ಮ ವಾಪಸ್ ಬಂದಾಗ ಅಣ್ಣ ಮುನಿಸಿಕೊಂಡು, ಗೆಳೆಯರ ಜೊತೆ ಊಟ ಮಾಡಲು ಅಪ್ಪ ತನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲ ಎಂದು ದೂರುತ್ತಾನೆ. ಅಲ್ಲೂ ಇದೇ ಪದ. ಸೈತಾನನ ಪ್ರಾಣಿಯನ್ನು ಯಾರೂ ಹಬ್ಬದೂಟಕ್ಕೆ ಕೇಳುವುದಿಲ್ಲ ಅಲ್ಲವೇ?

ಹಳೆಯ ಒಡಂಬಡಿಕೆಯಲ್ಲಿ ಆಡು ಅಶುದ್ಧವೇ?

ಇಲ್ಲ.

- ವಿಮೋಚನಕಾಂಡ 12:5ರ ಪ್ರಕಾರ ಪಸ್ಕ ಹಬ್ಬದ ಮರಿಯನ್ನು ಕುರಿಗಳಿಂದ ತೆಗೆದುಕೊಳ್ಳಬಹುದು, ಆಡುಗಳಿಂದಲೂ ತೆಗೆದುಕೊಳ್ಳಬಹುದು.
- ವಿಮೋಚನಕಾಂಡ 26ರಲ್ಲಿ ದೇವದರ್ಶನದ ಗುಡಾರದ ಮೇಲೆ ಹೊದಿಸಲು ಆಡಿನ ಕೂದಲಿನ 11 ಪರದೆಗಳನ್ನು ಮಾಡಲು ಹೇಳಲಾಗಿದೆ.
- ಜ್ಞಾನೋಕ್ತಿಗಳು 27ರಲ್ಲಿ ಆಡಿನ ಹಾಲು ಮನೆಮಂದಿಗೆಲ್ಲ ಸಾಕಾಗುವ ಸಂಪತ್ತು.
- ಪರಮಗೀತೆ 4ರಲ್ಲಿ ಪ್ರೇಯಸಿಯ ಕೂದಲಿಗೆ ಬೆಟ್ಟದಿಂದ ಇಳಿದು ಬರುವ ಆಡುಗಳ ಹಿಂಡಿನ ಹೋಲಿಕೆ ಇದೆ.

ಇದರ ಜೊತೆ ಇನ್ನೊಂದು ವಚನವನ್ನೂ ನೋಡಬೇಕು. ಯಾಜಕಕಾಂಡ 17:7ರಲ್ಲಿ ಆಡಿನ ರೂಪದ ಭೂತಗಳಿಗೆ ಬಲಿ ಕೊಡಬಾರದು ಎಂಬ ನಿಷೇಧವಿದೆ. ಮೂಲದ ಹೀಬ್ರೂ ಪದ ‘ಸಯೀರ್’ಗೆ ರೋಮವುಳ್ಳದ್ದು, ಹೋತ ಎಂಬ ಅರ್ಥಗಳಿವೆ. ಆದರೆ ಅಲ್ಲಿ ಬೇಡವೆಂದಿರುವುದು ಆ ಪೂಜೆಯನ್ನು. ಅದೇ ಪುಸ್ತಕದ 4ನೇ ಅಧ್ಯಾಯದಲ್ಲಿ ಜನನಾಯಕನು ತಪ್ಪು ಮಾಡಿದರೆ ದೇವರಿಗೆ ಅರ್ಪಿಸಬೇಕಾದದ್ದು ಹೋತವನ್ನೇ.

ಪಾಪ ಹೊತ್ತು ಹೋದ ಆಡು

ಯಾಜಕಕಾಂಡ 16ನೇ ಅಧ್ಯಾಯದಲ್ಲಿ ದೋಷಪರಿಹಾರದ ದಿನಕ್ಕೆ ಎರಡು ಹೋತಗಳನ್ನು ತರುತ್ತಾರೆ. ಚೀಟಿ ಹಾಕಿ ಒಂದನ್ನು ದೇವರಿಗೆ ಅರ್ಪಿಸುತ್ತಾರೆ. ಇನ್ನೊಂದು ‘ಅಜಾಜೇಲ’ನಿಗೆ. ಮಹಾಯಾಜಕ ಆರೋನನು ಅದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪಗಳನ್ನು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅದನ್ನು ಅರಣ್ಯಕ್ಕೆ ಬಿಡುತ್ತಾರೆ. ಅಜಾಜೇಲ ಎಂದರೆ ಸ್ಥಳದ ಹೆಸರೋ, ದುಷ್ಟಶಕ್ತಿಯ ಹೆಸರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ಆಡು ತಾನು ಮಾಡಿದ ತಪ್ಪನ್ನಲ್ಲ, ಬೇರೆಯವರ ತಪ್ಪನ್ನು ಹೊತ್ತು ಹೋಗುತ್ತದೆ.

1530ರಲ್ಲಿ ವಿಲಿಯಂ ಟಿಂಡೇಲ್ ಈ ಭಾಗವನ್ನು ಇಂಗ್ಲಿಷ್‌ಗೆ ಅನುವಾದಿಸುವಾಗ ‘ಸ್ಕೇಪ್‌ಗೋಟ್’ ಎಂಬ ಪದ ಹುಟ್ಟಿಸಿದರು. ಯಾರದೋ ತಪ್ಪಿಗೆ ಸಿಕ್ಕಿಬಿದ್ದವನನ್ನು ಇಂಗ್ಲಿಷ್‌ನಲ್ಲಿ ಇಂದಿಗೂ ಹಾಗೆಯೇ ಕರೆಯುತ್ತಾರೆ. ಅದೇ ಅರ್ಥಕ್ಕೆ ಕನ್ನಡದಲ್ಲಿ ‘ಹರಕೆಯ ಕುರಿ’ ಎನ್ನುತ್ತೇವೆ. ಅಲ್ಲಿ ಆಡು, ಇಲ್ಲಿ ಕುರಿ!

ಹಾಗಾದರೆ ಕೊಂಬಿನ ಸೈತಾನ ಎಲ್ಲಿಂದ ಬಂದ?

ಹೆಚ್ಚಾಗಿ ಚಿತ್ರಗಳಿಂದ. ಇಟಲಿಯ ರವೆನ್ನಾ ನಗರದ ಸಂತ ಅಪೊಲ್ಲಿನಾರೆ ನುವೊವೊ ಚರ್ಚಿನಲ್ಲಿ 6ನೇ ಶತಮಾನದ ಮೊಸಾಯಿಕ್ ಇದೆ. ನಡುವೆ ಕ್ರಿಸ್ತ, ಒಂದು ಪಕ್ಕ ಮೂರು ಕುರಿ, ಇನ್ನೊಂದು ಪಕ್ಕ ಮೂರು ಆಡು. ಕುರಿಗಳ ಹಿಂದೆ ಕೆಂಪು ದೂತ, ಆಡುಗಳ ಹಿಂದೆ ನೀಲಿ ದೂತ. ನೀಲಿ ದೂತನೇ ಸೈತಾನ ಎಂದು ಕೆಲವರು ಹೇಳುತ್ತಾರೆ. ಆದರೆ ಅವನಿಗೆ ಕೊಂಬಿಲ್ಲ, ತಲೆಯ ಸುತ್ತ ಪ್ರಭಾವಳಿ ಇದೆ. ಆಡುಗಳೂ ಸಾಮಾನ್ಯ ಆಡುಗಳೇ.

ಕೊಂಬು, ಗೊರಸು ಇರುವ ಸೈತಾನನ ಚಿತ್ರಗಳು ಮಧ್ಯಯುಗದಲ್ಲಿ ಹೆಚ್ಚಾದವು. ಆಡಿನ ಕಾಲುಗಳುಳ್ಳ ಗ್ರೀಕ್ ದೇವತೆ ‘ಪ್ಯಾನ್’ನ ಪ್ರಭಾವ ಇದರಲ್ಲಿದೆ ಎನ್ನುವವರಿದ್ದಾರೆ. ಫಾರ್ವರ್ಡ್‌ಗಳಲ್ಲಿ ಓಡಾಡುವ, ಆಡಿನ ತಲೆಯ, ರೆಕ್ಕೆಗಳಿರುವ ‘ಬಾಫೊಮೆಟ್’ ಚಿತ್ರವಂತೂ ಇತ್ತೀಚಿನದು. ಅದನ್ನು 1850ರ ದಶಕದಲ್ಲಿ ಫ್ರಾನ್ಸಿನ ಎಲಿಫಾಸ್ ಲೆವಿ ಎಂಬ ಲೇಖಕ ಬರೆದದ್ದು. ಬೈಬಲ್‌ನಲ್ಲಿ ಅದು ಇಲ್ಲ.

ಕುರಿ ಯಾವಾಗಲೂ ಒಳ್ಳೆಯದೇ?

ಯೇಸುವನ್ನು ದೇವರ ಕುರಿಮರಿ ಎಂದು ಕರೆದಿರುವುದು ನಿಜ (ಯೋಹಾನ 1:29). ಆದರೆ ಯೆಶಾಯ 53ರಲ್ಲಿ ದಾರಿ ತಪ್ಪಿ ಅಲೆಯುವವರೂ ಕುರಿಗಳೇ. ಯೆಹೆಜ್ಕೇಲ 34ರಲ್ಲಿ ಬಡಕಲು ಕುರಿಗಳನ್ನು ಕೊಂಬಿನಿಂದ ಹಾದು ಓಡಿಸುವ ಕೊಬ್ಬಿದ ಕುರಿಗಳಿಗೂ ನ್ಯಾಯತೀರ್ಪಿದೆ. ಮತ್ತಾಯ 7ರಲ್ಲಿ ಸುಳ್ಳು ಪ್ರವಾದಿಗಳು ಬರುವುದು ಕುರಿಯ ವೇಷದಲ್ಲಿ. ಪ್ರಕಟನೆ 13ರಲ್ಲಿ ಜನರನ್ನು ಮರುಳು ಮಾಡುವ ಮೃಗದ ಕೊಂಬುಗಳು ಕುರಿಮರಿಯ ಕೊಂಬಿನಂತಿವೆ, ಆಡಿನ ಕೊಂಬಿನಂತಲ್ಲ. ಪ್ರಾಣಿಯ ಹೆಸರು ನೋಡಿ ಒಳ್ಳೆಯದು ಕೆಟ್ಟದ್ದು ಹೇಳಲು ಆಗುವುದಿಲ್ಲ.

ಬೇರ್ಪಡಿಸುವುದು ಯಾವ ಆಧಾರದ ಮೇಲೆ?

ಫಾರ್ವರ್ಡ್‌ಗಳು ಬಿಟ್ಟುಬಿಡುವ ಭಾಗ ಇದೇ. ಮತ್ತಾಯ 25ರಲ್ಲಿ ರಾಜ ಕೇಳುವುದು ಆರು ವಿಷಯ: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಅತ್ಯಲ್ಪರಿಗೆ ಮಾಡಿದ್ದು ತನಗೇ ಮಾಡಿದಂತೆ ಎನ್ನುತ್ತಾನೆ ರಾಜ. ಈ ‘ಅತ್ಯಲ್ಪರು’ ಎಲ್ಲ ಬಡವರೋ, ಕಷ್ಟದಲ್ಲಿದ್ದ ಯೇಸುವಿನ ಶಿಷ್ಯರೋ ಎಂಬ ಚರ್ಚೆ ಇದೆ. ಆದರೆ ಪ್ರಶ್ನೆಗಳು ಮಾತ್ರ ಆ ಆರೇ.

ಇನ್ನೂ ಎರಡು ಅಂಶ ಗಮನಿಸಿ. ಒಂದು, ಎಡಗಡೆಯವರು ಕೊಲೆ, ಕಳ್ಳತನ ಮಾಡಿದರು ಎಂದು ಅಲ್ಲಿ ಹೇಳಿಲ್ಲ. ಸಹಾಯ ಮಾಡಬಹುದಾಗಿದ್ದಾಗ ಮಾಡಲಿಲ್ಲ, ಅಷ್ಟೇ. ಎರಡು, ಎರಡೂ ಕಡೆಯವರಿಗೆ ತೀರ್ಪು ಕೇಳಿ ಆಶ್ಚರ್ಯವಾಗುತ್ತದೆ. ‘ನಾವು ಯಾವಾಗ ನಿನಗೆ ಇದನ್ನು ಮಾಡಿದೆವು?’ ಎಂಬಂತೆ ಬಲಗಡೆಯವರು ಕೇಳಿದರೆ, ‘ಯಾವಾಗ ಮಾಡಲಿಲ್ಲ?’ ಎಂಬಂತೆ ಎಡಗಡೆಯವರು ಕೇಳುತ್ತಾರೆ. ತಾನು ಯಾವ ಕಡೆ ಎಂಬುದು ಮೊದಲೇ ಗೊತ್ತಿದ್ದವರು ಅಲ್ಲಿ ಯಾರೂ ಇಲ್ಲ. ಹಾಗಿರುವಾಗ ಪಕ್ಕದ ಮನೆಯವರನ್ನು, ಬೇರೆ ಸಭೆಗೆ ಅಥವಾ ಬೇರೆ ಧರ್ಮಕ್ಕೆ ಸೇರಿದವರನ್ನು ‘ಆಡು’ ಎಂದು ಕರೆಯಲು ಈ ವಚನವನ್ನೇ ಬಳಸುವುದು ಅದರ ಅರ್ಥವನ್ನು ತಲೆಕೆಳಗು ಮಾಡಿದಂತೆ.

ಫಾರ್ವರ್ಡ್ ಬಂದರೆ ಏನು ಮಾಡಬೇಕು?

ವಚನದ ಸಂಖ್ಯೆ ಇದೆಯಾ ನೋಡಿ. ಇದ್ದರೆ ಒಂದು ಸಾಲು ಮಾತ್ರವಲ್ಲ, ಇಡೀ ಭಾಗ ಓದಿ. ಮತ್ತಾಯ 25ರ ಈ ಭಾಗದಲ್ಲಿ ಇರುವುದು ಬರೀ 16 ವಚನ, ಐದು ನಿಮಿಷವೂ ಬೇಡ. ಓದಿದ ಮೇಲೂ ಕಳಿಸಬೇಕು ಅನಿಸಿದರೆ, ಆ ಆರು ಪ್ರಶ್ನೆಗಳನ್ನೂ ಸೇರಿಸಿ ಕಳಿಸಿ.