ಡಿಸ್ಕ್ಯಾಲ್ಕುಲಿಯಾ

ಅಂಕಿ-ಸಂಖ್ಯೆಗಳ ಅರಿವಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ. ಗ್ರೀಕಿನ ‘ಡಿಸ್’ ಎಂದರೆ ಕೆಟ್ಟ, ಕಷ್ಟದ. ಉಳಿದ ಭಾಗ ಲ್ಯಾಟಿನ್ನಿನದು. ಅಲ್ಲಿ ‘ಕ್ಯಾಲ್ಕುಲಸ್’ ಅಂದರೆ ಹರಳುಕಲ್ಲು, ರೋಮನ್ನರು ಲೆಕ್ಕದ ಹಲಗೆಯ ಮೇಲೆ ಸರಿಸುತ್ತಿದ್ದದ್ದು. ಒಟ್ಟಿನಲ್ಲಿ ಎರಡು ಭಾಷೆ ಬೆಸೆದ ಪದ, ನಮ್ಮ ವ್ಯಾಕರಣದ ಅರಿಸಮಾಸದ ಹಾಗೆ.

ಮಿದುಳಿಗೆ ಪೆಟ್ಟಾಗಿ ಲೆಕ್ಕ ತಪ್ಪಿಹೋಗುವುದನ್ನು ಸ್ವೀಡನ್ನಿನ ವೈದ್ಯ ಸಾಲೊಮನ್ ಹೆನ್ಷೆನ್ ‘ಅಕ್ಯಾಲ್ಕುಲಿಯಾ’ ಎಂದು ಕರೆದಿದ್ದರು. ಮಕ್ಕಳ ಬೆಳವಣಿಗೆಯಲ್ಲೇ ಕಾಣುವ ತೊಡಕನ್ನು ಅದರಿಂದ ಬೇರ್ಪಡಿಸಿ 1974ರಲ್ಲಿ ವಿವರಿಸಿದವರು ಚೆಕೊಸ್ಲೊವಾಕಿಯಾದ ಲಾಡಿಸ್ಲಾವ್ ಕೋಶ್ಚ್. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹೆಸರಿಸಿಯೇ ಹೇಳುತ್ತದೆ.

ಮಗ್ಗಿ ಬಾರದವರಿಗೆಲ್ಲ ಈ ಪದ ಅಂಟಿಸುವುದು ಸಲ್ಲದು. ಪಾಠ ಸರಿಯಾಗಿ ಆಗದೆಯೂ, ಹೆದರಿಕೆಯಿಂದಲೂ ಲೆಕ್ಕ ಹಿಂದೆ ಬೀಳಬಹುದು. ಡಿಸ್ಕ್ಯಾಲ್ಕುಲಿಯಾದಲ್ಲಿ ತೊಂದರೆ ಇನ್ನೂ ಬುಡದಲ್ಲಿದೆ: ಚುರುಕಾಗಿ ಓದುವ ಮಗುವಿಗೂ 7, 9ರಲ್ಲಿ ಯಾವುದು ದೊಡ್ಡದು ಎಂದು ತಟ್ಟನೆ ಹೊಳೆಯದು, ಚಿಲ್ಲರೆ ಎಣಿಸುವುದೂ ಗಡಿಯಾರ ನೋಡುವುದೂ ಕಗ್ಗಂಟು. ಬೆರಳೆಣಿಸಿದರೆ ಗದರುವ ಮೇಷ್ಟ್ರು ಇಂಥ ಮಗುವಿನ ಕೈಯಲ್ಲಿದ್ದ ಒಂದೇ ಆಸರೆಯನ್ನೂ ಕಿತ್ತುಕೊಂಡಂತೆ. ಎಣಿಸಲಿ ಬಿಡಿ. ಹುಣಸೆಬೀಜಗಳನ್ನು ಹತ್ತರ ಗುಂಪು ಮಾಡಿಸಿ, ಸಂಖ್ಯಾರೇಖೆ ಎಳೆಸಿ, ಅಂಕಿಗಳು ಸಾಲು ತಪ್ಪದಂತೆ ಚೌಕುಳಿ ಪುಸ್ತಕ ಕೊಡಿ. ಮಗ್ಗಿಯ ಪಟ್ಟಿ ಮೇಜಿನ ಮೇಲೇ ಇರಲಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಬೇಕು.

ಕನ್ನಡದಲ್ಲಿ ‘ಗಣಿತ ಕಲಿಕಾ ನ್ಯೂನತೆ’ ಎಂದೂ ಬರೆಯುತ್ತಾರೆ. ‘ಲೆಕ್ಕದಲ್ಲಿ ದಡ್ಡ’ ಇದರ ಸಮಾನಪದವಲ್ಲ.