ಪುಣೆಯ ಮಡಕೆ ಗೊತ್ತು, ನಮ್ಮೂರ ಅಂಡೆ ಗೊತ್ತಾ?

ಪೋಸ್ಟು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಪರ್ಕಳ ಉಡುಪಿ ನಗರಸಭೆಗೆ ಸೇರಿದ ಊರು. ರಸ್ತೆಯಲ್ಲಿ ಉಗುಳಬಾರದು, ಕಸ ಹಾಕಬಾರದು, ರಾತ್ರಿ ಹತ್ತರ ಮೇಲೆ ಮೈಕು ಹಾಕಬಾರದು. ಇದರಲ್ಲಿ ನನ್ನದೇನೂ ತಕರಾರಿಲ್ಲ. ಬೀಡಾ ಜಗಿದು ಗೋಡೆ ಕೆಂಪು ಮಾಡುವವನಿಗೆ ಧಾರಾಳ ದಂಡ ಹಾಕಿ. ಆದರೆ ಬೀದಿಯಲ್ಲಿ ಯಾರು ಹೇಗೆ ನಡೆದುಕೊಳ್ಳಬೇಕು ಎನ್ನುವ ಕಟ್ಟಳೆ ಈ ಸೀಮೆಗೆ ನಗರಸಭೆ ತಂದದ್ದಲ್ಲ ಮಾರ್ರೆ. ಅದು ಬಹಳ ಹಳೇದು. ಬೋರ್ಡು ಮಾತ್ರ ಇರಲಿಲ್ಲ.

ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳುವುದಕ್ಕೆ ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು, ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ. 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ನಮ್ಮ ಪ್ರತಿ ಭಾಷಣದಲ್ಲೂ ಇದು ಬರುತ್ತೆ. ಆದರೆ ಅದೇ ಮಡಕೆ ನಮ್ಮ ತುಳುನಾಡಿನಲ್ಲೂ ಇತ್ತು ಅಂತ ಎಷ್ಟು ಜನ ಹೇಳ್ತೀವಿ?

ಕೊರಗರಲ್ಲಿ 'ಅಂಡೆ ಕೊರಗ' ಎಂಬ ಗುಂಪೊಂದಿತ್ತು. ಸಾರ್ವಜನಿಕ ದಾರಿಯಲ್ಲಿ ಉಗುಳುವ ಹಕ್ಕಿಲ್ಲದ ಕಾರಣ ಕೊರಳಿಗೆ ಅಂಡೆ ನೇತುಹಾಕಿಕೊಂಡವರು. ಆ ಹೆಸರು ಬಂದದ್ದೇ ಹಾಗೆ. ಮದ್ರಾಸ್ ಸಿವಿಲ್ ಸರ್ವೀಸಿನ ವಾಲ್‌ಹೌಸ್ 19ನೇ ಶತಮಾನದಲ್ಲಿ ಇದನ್ನು ದಾಖಲಿಸಿದ, 1909ರಲ್ಲಿ ಥರ್ಸ್ಟನ್ ತನ್ನ ಸಂಪುಟಗಳಲ್ಲಿ ಎತ್ತಿಕೊಂಡ. ಗಮನಿಸಿ, ನಿಯಮ ಅದೇ: ದಾರಿಯಲ್ಲಿ ಉಗುಳಬಾರದು. ಆದರೆ ಅದು ಕೆಲವರ ಕೊರಳಿಗೆ ಮಾತ್ರ. ಸ್ವಚ್ಛತೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಇನ್ನು ಸದ್ದಿನ ವಿಷಯ. ಕಂಬಳದ ಹಿಂದಿನ ರಾತ್ರಿ 'ಪನಿ ಕುಲ್ಲುನೆ' ಅಂತ, ಅಂದರೆ ಮಂಜಿನಲ್ಲಿ ಕೂರುವುದು. ಕೊರಗರು ಇಡೀ ರಾತ್ರಿ ಡೋಲು ಬಡಿಯಬೇಕು. ಬೆಳಿಗ್ಗೆ ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ಅವರನ್ನೇ ಓಡಿಸುವುದು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಪೀಡೆ ಕಳೆಯಿತು ಅಂದುಕೊಳ್ಳುವುದು. ಇದೆಲ್ಲ ಅಜಲು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ 1897ರಲ್ಲೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದರು. 1950ರಲ್ಲಿ ಸಂವಿಧಾನ ಬಂತು, 17ನೇ ವಿಧಿ ಬಂತು. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ ಜೊತೆಗೆ 'ರಸ್ತೆ' ಎನ್ನುವ ಪದವನ್ನೂ ಬರೆಯಬೇಕಾಯ್ತು ನೋಡಿ. ಆದರೂ ಅಜಲು ನಿಷೇಧಕ್ಕೆ ಕರ್ನಾಟಕದಲ್ಲಿ ಬೇರೆಯದೇ ಕಾಯ್ದೆ ಬೇಕಾಯ್ತು. ಯಾವಾಗ? 2000ದಲ್ಲಿ! ಅದೂ ಕೊರಗರ ಸಂಘಟನೆಗಳು ಹೋರಾಡಿದ ಮೇಲೆ.

ಅದೇ 2000ದಲ್ಲಿ ಕೇಂದ್ರದ ಶಬ್ದಮಾಲಿನ್ಯ ನಿಯಮಗಳೂ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ.

ಈಗ 27 ಡಿಸೆಂಬರ್ 2021ಕ್ಕೆ ಬನ್ನಿ. ನಮ್ಮದೇ ಉಡುಪಿ ಜಿಲ್ಲೆ, ಕೋಟತಟ್ಟು ಚಿಟ್ಪಾಡಿಯ ಕೊರಗ ಕಾಲೋನಿ. ಮದುವೆ ಮನೆಯಲ್ಲಿ ಮೆಹಂದಿ, ಡಿಜೆ ಹಾಕಿದ್ದರು. ಸದ್ದು ಜಾಸ್ತಿ ಅಂತ ದೂರು, ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನನ್ನೂ ಬಿಡಲಿಲ್ಲ. ಗಲಾಟೆಯಾದ ಮೇಲೆ ಎಸ್‌ಐ ಅಮಾನತಾದರು, ಗೃಹಸಚಿವರು ಕಾಲೋನಿಗೆ ಬಂದು ಹೋದರು. ಜೊತೆಗೆ ಕೊರಗರ ಮೇಲೆಯೇ ಪ್ರತಿ ಕೇಸೂ ಬಿತ್ತು.

ನಿಯಮ ಮೀರಿದ್ದರೆ ನೋಟಿಸ್ ಕೊಡಿ, ದಂಡ ಹಾಕಿ, ಸಿಸ್ಟಮ್ ಜಪ್ತಿ ಮಾಡಿ. ಮದುಮಗನ ಮೈಮೇಲೆ ಲಾಠಿ ಯಾಕೆ? ಮೆಹಂದಿ ರಾತ್ರಿ ಡಿಜೆ ಹಾಕೋದು ಕರಾವಳಿಯಲ್ಲಿ ಕೊರಗರು ಮಾತ್ರವಾ? ಇವರದೇ ಅಜ್ಜಂದಿರು ಗುತ್ತಿನವರ ಕಂಬಳಕ್ಕೆ ಬೆಳಗಿನವರೆಗೆ ಡೋಲು ಬಡಿದಾಗ ಯಾರ ನಿದ್ದೆಯೂ ಕೆಟ್ಟಿರಲಿಲ್ಲ, ಬಡಿಯದಿದ್ದರೆ ಕೆಡುತ್ತಿತ್ತು.

ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಓದಿ. ಸಾರ್ವಜನಿಕ ಜಾಗದಲ್ಲಿ ಚಪ್ಪಲಿ, ಹೊಸ ಬಟ್ಟೆ ಹಾಕುವುದನ್ನು, ಸೈಕಲ್ ಬೈಕ್ ಏರುವುದನ್ನು, ಮದುವೆ ಮೆರವಣಿಗೆಯನ್ನು ತಡೆದರೆ ಅಪರಾಧ ಅಂತ ಒಂದೊಂದಾಗಿ ಹೆಸರಿಸಿದೆ. ಬರೆಯದ ಕಟ್ಟಳೆಗಳ ಪಟ್ಟಿ ಬೇಕಿದ್ದರೆ ಅದೇ ಪಟ್ಟಿ.

ನಿಮ್ಮೂರಲ್ಲಿ ಅಂಡೆ, ಅಜಲು ಬಗ್ಗೆ ಕೇಳಿ ಗೊತ್ತಿರುವ ಹಿರಿಯರಿದ್ದರೆ ದಯವಿಟ್ಟು ಮಾತಾಡಿಸಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ವಾಲ್‌ಹೌಸ್ ಬರೆದದ್ದು ನಮ್ಮ ಕೈಗಿದೆ, ಅವರು ಹೇಳುವುದು ಇನ್ನೂ ಬಂದಿಲ್ಲ.