ಕೆರೆಯ ಎರಡನೆಯ ಬೆಳೆ

ಕೆರೆ ಎಂದೊಡನೆ ನಮ್ಮ ಇತಿಹಾಸಕಾರರ ಕಣ್ಣು ಏರಿ, ತೂಬು, ಕೋಡಿಗಳ ಮೇಲೆ ಬೀಳುತ್ತದೆ. ಅಲ್ಲಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಕಟ್ಟಿಸಿದವರಾರು, ಬಿಟ್ಟ ಭೂಮಿಯೆಷ್ಟು, ಬೆಳೆದ ಭತ್ತವೆಷ್ಟು ಎಂಬ ಲೆಕ್ಕ ಮುಗಿದರೆ ಕೆರೆಯ ಚರಿತ್ರೆಯೂ ಮುಗಿಯಿತು. ನೀರಿನೊಳಗೆ ಇಣುಕಿದವರು ವಿರಳ. ಆದರೆ ಬೆಂಗಳೂರಿನ ಸುತ್ತಣ ಕೆರೆಗಳು ಕೊಡುತ್ತಿದ್ದದ್ದು ಎರಡು ಬೆಳೆ: ಏರಿಯ ಕೆಳಗೆ ಭತ್ತ, ಏರಿಯ ಒಳಗೆ ಮೀನು. ಮೊದಲನೆಯದಕ್ಕೆ ಶಾಸನವುಂಟು, ಕಂದಾಯವುಂಟು. ಎರಡನೆಯದು ಬಹುಮಟ್ಟಿಗೆ ಬಡವರ ಮಡಕೆಯಲ್ಲಿ ಬೆಂದು ಮುಗಿದುಹೋಯಿತು.

ವೈಟ್‌ಫೀಲ್ಡಿನ ಮಗ್ಗುಲಲ್ಲಿರುವ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ಶಾಸನವೊಂದು ದೊರೆತಿದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಎಂಬಾತ ಪಟ್ಟಂದೂರಿನ ಕೆರೆಯನ್ನು ತೋಡಿಸಿ, ತೂಬಿಡಿಸಿ, ಕ್ಷೇತ್ರಪಾಲ, ಗಣಪತಿ, ದುರ್ಗೆಯರನ್ನು ಪ್ರತಿಷ್ಠಿಸಿದನೆಂದು ಅದರ ಒಕ್ಕಣೆ. ಇಂದು ಪಟ್ಟಂದೂರು ಅಗ್ರಹಾರವೆಂದರೆ ಸಾಫ್ಟ್‌ವೇರ್ ಪಾರ್ಕಿನ ಗಾಜಿನ ಗೋಡೆಗಳೇ ವಾಚಕರ ಕಣ್ಣಮುಂದೆ ನಿಂತಾವು. ಕೆರೆಯ ಮೀನಿಗೂ ಬೆಲೆಯುಂಟೆಂಬುದನ್ನು ಚೋಳರ ಆಡಳಿತ ಅರಿಯದೆ ಇರಲಿಲ್ಲ. ತಮಿಳು ಶಾಸನಗಳಲ್ಲಿ ಕೆರೆಯ ಮೀನಿನ ಹುಟ್ಟುವಳಿಗೆ ‘ಪಾಸಿಪಾಟ್ಟಂ’ ಎಂಬ ಹೆಸರುಂಟು. ಆ ಹಣವನ್ನು ಕೆರೆಯ ಹೂಳು ತೆಗೆಸಲು ಬಳಸಿದ ನಿದರ್ಶನಗಳೂ ಉಂಟು. ಮೀನಿನ ದುಡ್ಡು ಕೆರೆಗೇ ಮರಳುತ್ತಿದ್ದ ಈ ಏರ್ಪಾಡನ್ನು ನಮ್ಮ ಅಧಿಕಾರಿಗಳು ಒಮ್ಮೆ ಓದಬೇಕು.

ಇದಾದ ಸುಮಾರು ತೊಂಬತ್ತು ವರ್ಷಗಳಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಹುರುಪೆಯುಳ್ಳವು, ಇಲ್ಲದವು, ಕಡಲಿನವು, ಸಿಹಿನೀರಿನವು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ಹೇಳುತ್ತಾನೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿವೇಚಿಸಿ ಬರೆದ ಮೇಲೆ ಹೊರಗಿನ ವಿದ್ವಾಂಸರೂ ಇದನ್ನು ಗಮನಿಸಿದರು. ಸೊಗಸಾದ ಬರಹವೇನೋ ಹೌದು. ಆದರೆ ಅದು ಹೊಟ್ಟೆ ತುಂಬಿದವನ ಗಾಳ. ಹಸಿದವನ ಬಲೆಯನ್ನು ಕುರಿತು ಗ್ರಂಥ ಬರೆದವರಿಲ್ಲ.

ಆ ಬಲೆಯ ಕಾಲಗಣನೆ ಕೆರೆಯ ಏರಿಳಿತಕ್ಕೆ ಹೊಂದಿಕೊಂಡಿತ್ತು. ಇಲ್ಲಿನ ಕೆರೆಗಳು ಒಂಟಿಯಾಗಿ ನಿಂತವಲ್ಲ. ಮೇಲಿನದು ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಮಳೆಯ ಹೊಸ ನೀರು ಇಳಿದಾಗ ಗೆಂಡೆಯಂಥ ಮೀನುಗಳು ಹರಿವಿಗೆ ಎದುರಾಗಿ ಈಜಿ, ಕಾಲುವೆಯ ತೆಳುನೀರಿನಲ್ಲಿ ಮೊಟ್ಟೆಯಿಡುತ್ತಿದ್ದವು. ಕಾಲುವೆಯ ಬಾಯಿಗೆ ಬಿದಿರಿನ ಕೂಳಿ ಒಡ್ಡಿದವರಿಗೆ ಅದೇ ಮೊದಲ ಸುಗ್ಗಿ. ತುಂಬಿದ ಕೆರೆಯಲ್ಲಿ ಬೆಸ್ತರ ಬೀಸುಬಲೆ, ಹುಡುಗರ ಎರೆಹುಳುವಿನ ಗಾಳ. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರೇ ಕೆರೆಗೆ ಇಳಿಯುತ್ತಿತ್ತು. ಬಲೆಯಿದ್ದವರು ಬಲೆ, ಇಲ್ಲದವರು ಬುಟ್ಟಿ, ಹಳೆಯ ಸೀರೆ, ಬರಿಗೈ. ಮಿಕ್ಕವೆಲ್ಲ ಸತ್ತರೂ ಕೊರವ, ಚೇಳುಮೀನುಗಳು ಸಾಯುತ್ತಿರಲಿಲ್ಲ. ಗಾಳಿಯನ್ನೇ ಉಸಿರಾಡಬಲ್ಲ ಅವು ಕೆಸರಿನಲ್ಲಿ ಅಡಗಿ ಮುಂದಿನ ಮಳೆಗೆ ಕಾಯುತ್ತಿದ್ದವು. ಒಣಗಿದ ಅಂಗಳದಲ್ಲಿ ದನ ಮೇಯ್ದು, ರೈತರು ಗೋಡುಮಣ್ಣನ್ನು ಹೊಲಕ್ಕೆ ಹೊತ್ತು, ಕೆರೆ ಮತ್ತೆ ಹೊಸದಾಗುತ್ತಿತ್ತು. ಕೆರೆ ಬತ್ತುವುದನ್ನು ನಾವು ಅನಿಷ್ಟವೆಂದೇ ಎಣಿಸುತ್ತೇವೆ. ಮೀನಿನ ಮಟ್ಟಿಗೆ ಅದು ವರ್ಷದ ಶುದ್ಧಿಯಾಗಿತ್ತು.

ಇಪ್ಪತ್ತನೆಯ ಶತಮಾನ ಈ ಮೀನುಗಳ ಕುಲವನ್ನೇ ಬದಲಿಸಿತು. ಮಲೇರಿಯಾದ ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಭಾರತಕ್ಕೆ ಬಂತು. 1952ರಲ್ಲಿ ಆಫ್ರಿಕ ಮೂಲದ ತಿಲಾಪಿಯಾ ಬಂತು. ಬೆಂಗಳೂರಿನವರ ಬಾಯಲ್ಲಿ ಅದು ‘ಜಿಲೇಬಿ ಮೀನು’. ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾ ಬಯಲಿನವು. ನಿಂತ ನೀರಿನಲ್ಲಿ ಅವು ಮರಿಮಾಡವು. ಮರಿಗಳನ್ನು ಉತ್ತರದ ನದಿಗಳಿಂದಲೇ ತರಬೇಕಾಗಿತ್ತು. 1957ರಲ್ಲಿ ಹೀರಾಲಾಲ್ ಚೌಧುರಿಯವರೂ ಸಂಗಡಿಗರೂ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸಿದ ಬಳಿಕ ಮೀನುಮರಿ ಸಾಕುವುದೇ ಒಂದು ಉದ್ಯಮವಾಯಿತು. ಪೀಣ್ಯದಿಂದ ಅಷ್ಟೇನೂ ದೂರವಿಲ್ಲದ ಹೆಸರಘಟ್ಟದಲ್ಲಿ ಮೀನುಗಾರಿಕೆಯ ಸಂಶೋಧನ ಕೇಂದ್ರ ನೆಲೆಗೊಂಡಿತು. ತಾನಾಗಿ ಬರುತ್ತಿದ್ದ ಬೆಳೆ ಬಿತ್ತುವ ಬೆಳೆಯಾಯಿತು. ಬಿತ್ತಿದ ಮೇಲೆ ಬಿತ್ತಿದವನದೇ ಹಕ್ಕು. ಆದ್ದರಿಂದ ಗುತ್ತಿಗೆ, ಹರಾಜು. ದೊಡ್ಡ ಕೆರೆ ಇಲಾಖೆಯದು, ಸಣ್ಣದು ಪಂಚಾಯಿತಿಯದು. ಊರೇ ಇಳಿಯುತ್ತಿದ್ದ ನೀರಿಗೆ ಕಾವಲುಗಾರ ಬಂದ.

ಅಷ್ಟರಲ್ಲಿ ನೀರೇ ಬೇರೆಯಾಯಿತು. ಪೀಣ್ಯದಲ್ಲಿ ಕಾರ್ಖಾನೆಗಳೆದ್ದವು. 1978ರಲ್ಲಿ ಕೊನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. 90ರ ದಶಕದಲ್ಲಿ ವೈಟ್‌ಫೀಲ್ಡಿನ ಸರದಿ. ನಗರದ ಕೊಳೆನೀರು ರಾಜಕಾಲುವೆ ಹಿಡಿದು ಇಳಿದುದರಿಂದ ಬೆಳ್ಳಂದೂರು, ವರ್ತೂರು ಕೆರೆಗಳು ಬೇಸಿಗೆಯಲ್ಲೂ ತುಂಬಿ ನಿಂತವು. ನೂರಾರು ವರ್ಷ ಬತ್ತಿ ಬತ್ತಿ ಬದುಕಿದ್ದ ಕೆರೆ ಬತ್ತದೆ ಕೆಟ್ಟಿತು. ಕೊಳೆ ಉಂಡ ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಹೀರುತ್ತದೆ. ನಸುಕಿನ ಹೊತ್ತಿಗೆ ಮೀನಿಗೆ ಉಸಿರಿಲ್ಲ. ಮೊದಲ ಮಳೆ ತಳದ ಕೆಸರನ್ನು ಕಲಕಿದರಂತೂ ಬೆಳಗಾಗುವುದರೊಳಗೆ ದಡವೆಲ್ಲ ಬಿಳಿಯ ಹೊಟ್ಟೆಗಳು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನಿನ ರಾಶಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡರು. ಬೆಳ್ಳಂದೂರಿನ ನೊರೆಗೆ 2015ರಲ್ಲೇ ಬೆಂಕಿ ಹತ್ತಿತ್ತು. ಇಂಥ ನೀರಿನಲ್ಲಿ ಉಳಿದದ್ದು ಜಿಲೇಬಿ ಮೀನು, ನಿಷೇಧವಿದ್ದರೂ ಹೇಗೋ ನುಸುಳಿದ ಆಫ್ರಿಕದ ಕ್ಯಾಟ್‌ಫಿಶ್, ಇಂಥ ಗಟ್ಟಿಪಿಂಡಗಳು ಮಾತ್ರ. ವರ್ತೂರಿನ ಕೆಸರಿನಲ್ಲಿ ಭಾರಲೋಹಗಳಿವೆಯೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ.

ಕೆರೆಯ ಯಜಮಾನರೂ ಬದಲಾದರು. 2007ರಲ್ಲಿ ಬೃಹತ್ ಪಾಲಿಕೆ ಸುತ್ತಣ ಹಳ್ಳಿಗಳನ್ನು ನುಂಗಿದಾಗ ಅಲ್ಲಿನ ಪಂಚಾಯಿತಿಗಳು ಹೋದವು. 2025ರಲ್ಲಿ ಆ ಪಾಲಿಕೆಯೂ ಹೋಗಿ ಐದಾಯಿತು. ಕೆರೆಗೆ ಬೇಲಿ, ನಡೆದಾಡಲು ಹಾದಿ, ಕೂರಲು ಕಲ್ಲುಬೆಂಚು ಬಂದವು. ವಾಯುಸೇವನೆಗೆ ಬರುವವರಿಗೆ ಬಲೆಯ ವಾಸನೆ ಹಿಡಿಸದು.

ಬೆಂಗಳೂರಿನ ಕೊಳೆನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಆ ಕೆರೆಗಳಲ್ಲಿ ನೀರು ನಿಂತಿದೆ. ಹಿಂದೆಯೇ ಮೀನು, ಬಲೆ, ಗುತ್ತಿಗೆ ಎಲ್ಲವೂ ಬಂದಿವೆ. ಶುದ್ಧೀಕರಣ ಎರಡನೆಯ ಹಂತಕ್ಕೇ ನಿಂತಿತು, ಮೂರನೆಯದೂ ಆಗಬೇಕೆಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ಆ ಮೀನು ಸಂತೆಗೆ ಬಂದಾಗ ಯಾವ ಕೆರೆಯದೆಂದು ಕೊಳ್ಳುವವರು ವಿಚಾರಿಸುವುದು ಕಡಮೆ; ಮಾರುವವರು ಹೇಳುವುದಂತೂ ಇಲ್ಲ.